ದೇವರು ಊರಲ್ಲಿಲ್ಲದ ವಾರ

ಜನವರಿ 21

ಇದು ನನ್ನ ಗಂಡ ದಿಲೇಯ ಹೋದ ವರ್ಷದ ಡೈರಿ. ಸೇಬಿನ ಮಂಡಿಯವರು ವರ್ಷಕ್ಕೊಂದು ಕೊಡುತ್ತಿದ್ದರು. ಜನವರಿ ಇಪ್ಪತ್ತಾರರವರೆಗೆ ದಿನಕ್ಕೊಂದೆರಡು ಸಾಲು ಅವನ ಕೈಬರಹ, ಆಮೇಲೆ ಖಾಲಿ. ಅಚ್ಚಾದ ವಾರ ಈ ವರ್ಷಕ್ಕೆ ಹೊಂದುವುದಿಲ್ಲ, ತಾರೀಖು ಹೊಂದುತ್ತದೆ. ಇಷ್ಟು ಒಳ್ಳೆಯ ಕಾಗದವನ್ನು ಒಲೆಗೆ ಹಾಕುವ ಬದಲು ಅವನ ಸಾಲುಗಳ ಕೆಳಗೆ ನಾನೇ ಬರೆದರಾಯಿತು ಎಂದು ಕೂತಿದ್ದೇನೆ. ಬಾಯಿಗೆ ಬೀಗ ಬಿದ್ದ ಊರಿನಲ್ಲಿ ಕೈಗಾದರೂ ಕೆಲಸ ಬೇಕು.

ಇವತ್ತಿನ ಪುಟದಲ್ಲಿ ಅವನು ಬರೆದದ್ದು: "ಮೋಡ. ರತ್ತಿ ಹುಲ್ಲು ಮುಟ್ಟಲಿಲ್ಲ." ಈ ವರ್ಷವೂ ಮೋಡ. ರತ್ತಿ ಮಾತ್ರ ಹುಲ್ಲು ತಿಂದಿದೆ. ಹಸುವಿಗೆ ನೆನಪು ಕಡಿಮೆ, ಅದರ ಪುಣ್ಯ.

ಸಂಕ್ರಾಂತಿಯ ದಿನ ದೇವರು ಇಂದ್ರನ ಸಭೆಗೆ ಹೋದ. ಎಂಟು ದಿನವಾಯಿತು, ಇನ್ನು ಮೂವತ್ತನಾಲ್ಕು ದಿನ ಅವನು ಬರುವುದಿಲ್ಲ. ಊರಿನಲ್ಲಿ ಸದ್ದಾದರೆ ಅಲ್ಲಿ ಅವನ ಧ್ಯಾನ ಕೆಡುತ್ತದೆ, ಸಿಟ್ಟಿನಿಂದ ವಾಪಸು ಬರುತ್ತಾನೆ. ಹಾಗಾಗಿ ಯಾರೂ ದನಿ ಎತ್ತುವ ಹಾಗಿಲ್ಲ. ಗುಡಿಯ ಗಂಟೆಗೆ ಬಟ್ಟೆ ಸುತ್ತಿದ್ದಾರೆ. ರತ್ತಿಯ ಕೊರಳ ಗಂಟೆ ಬಿಚ್ಚಿ ಗೂಟಕ್ಕೆ ಹಾಕಿದ್ದೇನೆ. ಮಗ್ಗದಲ್ಲಿ ಅರ್ಧ ನೇಯ್ದ ಶಾಲು ಹಾಗೇ ಬಿದ್ದಿದೆ, ಲಾಳಿ ಓಡಿಸಿದರೆ ಟಕಟಕ ಎನ್ನುತ್ತದೆ. ಕುಕ್ಕರಿನ ವಿಸಿಲ್ಲೂ ಕೂಡದು. ರಾಜ್ಮಾವನ್ನು ತೆರೆದ ಪಾತ್ರೆಯಲ್ಲಿ ಬೇಯಿಸಲು ಅರ್ಧ ದಿನದ ಸೌದೆ ಬೇಕು.

ಮನೆಯಲ್ಲಿ ಇರುವುದು ಇಬ್ಬರು, ನಾನು ಮತ್ತು ದಿಲೇಯನ್ನು ಹೆತ್ತ ಮುದುಕಿ. ಅವಳ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳಿಸುತ್ತದೆ. ಈ ನಲವತ್ತೆರಡು ದಿನ ಕೂಗುವ ಹಾಗಿಲ್ಲವಾದ್ದರಿಂದ ಅವಳೊಂದಿಗೆ ಮಾತಾಡುವ ಪಾಡು ತಪ್ಪಿದೆ. ದೇವರು ಮಾಡಿದ ದೊಡ್ಡ ಉಪಕಾರ ಅದೊಂದೇ.

ಜನವರಿ 22

ದಿಲೇ: "ಹಿಮ ಶುರು. ನಾಲ್ಕು ಸಿಡ್ಡು ತಿಂದೆ."

ಇಲ್ಲೂ ಶುರುವಾಯಿತು. ಬೆಳಿಗ್ಗೆ ಹಾಲು ಕರೆಯಲು ಕೆಳಗಿನ ಕೊಟ್ಟಿಗೆಗೆ ಇಳಿದಾಗ ಹಿಟ್ಟು ಉದುರಿದ ಹಾಗೆ ಸಣ್ಣಗೆ ಬೀಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಎದುರಿನ ಗುಡ್ಡ ಕಾಣಲಿಲ್ಲ. ಕರೆಂಟು ಹೋಯಿತು. ಅಡುಗೆಮನೆಯ ತಗಡಿನ ಒಲೆ ಬಿಟ್ಟರೆ ಮನೆಯಲ್ಲಿ ಬೆಚ್ಚಗಿನ ಜಾಗ ಇಲ್ಲ. ಒಲೆಯ ಆ ಕಡೆ ಅವಳು ಉಣ್ಣೆ ನೂಲುತ್ತಾಳೆ, ಈ ಕಡೆ ನಾನು ಕಾಲುಚೀಲ ಹೆಣೆಯುತ್ತೇನೆ. ಬೆನ್ನು ತಣ್ಣಗಾದಾಗ ಇಬ್ಬರೂ ಒಟ್ಟಿಗೇ ತಿರುಗಿ ಕೂರುತ್ತೇವೆ. ಬೇರೆ ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಪಕ್ಕದ ಮನೆಯ ದೇವ್ಕೂ ಭಾಭಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಾಗಿಲು ಹಾಕಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ನಮ್ಮನೆಯವರ ಜೊತೆ ಜಗಳ ಆಡಿ ಮೂರು ದಿನ ಆಯ್ತು ಕಣೆ. ಪಿಸುಪಿಸು ಅಂತ ಬೈದ್ರೆ ಬೈದಂಗೇ ಆಗಲ್ಲ. ಅವನು ಸರಸ ಅಂದ್ಕೊಂಡು ಹತ್ತಿರ ಬರ್ತಾನೆ."

ನನಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡೆ. ಮುದುಕಿ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ಅವಳ ಬಗ್ಗೆಯೇ ಆಡಿಕೊಂಡೆವು ಎಂದುಕೊಂಡಿರಬೇಕು. ಅಂದುಕೊಳ್ಳಲಿ.

"ನಿಮ್ಮತ್ತೆ ದನಿ ಕೇಳಿ ಎಷ್ಟು ಕಾಲ ಆಯ್ತೇ ಖಿಮಿ," ಎಂದಳು ಭಾಭಿ. "ಮೊದ್ಲು ಇಲ್ಲಿ ನಿಂತು ನಿನ್ನ ಕರೆದ್ರೆ ಹೊಳೆ ಆಚೆ ಕುರಿ ತಿರುಗಿ ನೋಡೋವು."

ಹೌದು, ಹಾಗೆಯೇ ಇತ್ತು. ಕಿವುಡರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. "ಲಾಡೀ!" ಎಂದು ಅವಳು ಕೂಗಿದರೆ ತೋಟದ ತುದಿಯಲ್ಲಿದ್ದ ನಾನು ಬುಟ್ಟಿ ಬಿಟ್ಟು ಓಡುತ್ತಿದ್ದೆ. ಸೊಸೆಯಾಗಿ ಬಂದ ದಿನದಿಂದ ನನ್ನ ಹೆಸರು ಅದೇ. ಈ ಮೌನದ ದಿನಗಳಲ್ಲಿ ಮಾತ್ರ, ಏನಾದರೂ ಹೇಳಲೇಬೇಕಾದಾಗ, ಎರಡು ಬೆರಳನ್ನು ಗಂಟಲಿನ ಮೇಲಿಟ್ಟುಕೊಂಡು ಹೇಳುತ್ತಾಳೆ. ಗಂಟಲು ಹೆಚ್ಚು ನಡುಗಿದರೆ ದನಿ ಏರಿತು ಎಂದು ಬೆರಳಿಗೆ ತಿಳಿಯುತ್ತದಂತೆ. ನಿಯಮವೆಂದರೆ ಅವಳಿಗೆ ಅಷ್ಟು ಪ್ರಾಣ. ಎಷ್ಟು ಪ್ರಾಣ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಭಾಭಿ ಹೋದ ಮೇಲೆ ಅವಳು ಪೊರಕೆ ತಂದು ನನ್ನ ಮುಂದೆ ಇಟ್ಟಳು. ಅಂಗಳದ ಹಿಮ ಬಳಿ ಎಂದು. ನಾನು ಎದ್ದು ಕಾಟಾಚಾರಕ್ಕೆ ಕೊಟ್ಟಿಗೆಗೆ ಹೋಗುವಷ್ಟು ದಾರಿ ಮಾಡಿ ಬಂದೆ. ಉಳಿದದ್ದು ಅಲ್ಲೇ ಬೀಳಲಿ. ಯಾರು ಬರಬೇಕಿದೆ ನಮ್ಮ ಅಂಗಳಕ್ಕೆ?

ಜನವರಿ 24

ದಿಲೇ: "ಪೈಪಿನ ನೀರು ಹೆಪ್ಪುಗಟ್ಟಿತು. ಅಮ್ಮ ಕೈಸನ್ನೆಯಲ್ಲೇ ಬೈದಳು. ನಗು ತಡೆಯಲಾಗಲಿಲ್ಲ."

ನಿನ್ನೆ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ, ಹಿಮ ಬಿಟ್ಟರೆ.

ಇವತ್ತು ನಸುಕಿನಲ್ಲಿ ನಡುತೊಲೆ ಸದ್ದು ಮಾಡಿತು. ಕಟಕ್ ಎಂದು ಒಂದೇ ಸಲ. ಅಡುಗೆಮನೆಯ ಮೇಲೆ ಹಾದುಹೋಗುವ ದೇವದಾರಿನ ತೊಲೆ ಅದು, ಮಾವನವರ ಅಪ್ಪನ ಕಾಲದ್ದು. ದೀಪ ಹಿಡಿದು ನೋಡಿದರೆ ಕೂದಲೆಳೆಯಷ್ಟು ಬಿರುಕು. ಚಾವಣಿಯ ಕಲ್ಲುಹಾಸಿನ ಮೇಲೆ ಈಗಾಗಲೇ ಸೊಂಟದೆತ್ತರ ಹಿಮ ಕೂತಿದೆ. ಮುದುಕಿಗೆ ಸದ್ದು ಕೇಳಿಸಿರಲಿಲ್ಲ. ಬಿರುಕು ತೋರಿಸಿದೆ. ಅವಳು ಅದರ ಮೇಲೆ ಬೆರಳು ಆಡಿಸಿ, ಒಲೆಯಿಂದ ಕರಿ ತೆಗೆದು, ಬಿರುಕು ಮುಗಿಯುವಲ್ಲಿ ಒಂದು ಗೆರೆ ಎಳೆದಳು. ಸಂಜೆ ನೋಡಿದಾಗ ಬಿರುಕು ಆ ಗೆರೆ ದಾಟಿ ಎರಡು ಬೆರಳು ಮುಂದೆ ಹೋಗಿತ್ತು.

ಯಾರಾದರೂ ಚಾವಣಿ ಹತ್ತಲೇಬೇಕು. ಇಲ್ಲದಿದ್ದರೆ ಮನೆ ನಮ್ಮ ಮೇಲೆ ಬೀಳುತ್ತದೆ, ಕೆಳಗೆ ರತ್ತಿಯ ಮೇಲೂ.

ದೇವ್ಕೂ ಭಾಭಿಯ ಗಂಡ ಝಾಬೇ ಅಣ್ಣನಿಗೆ ಹೇಳಿಕಳಿಸಿದೆ. ಅವರ ಮನೆಯ ಚಾವಣಿಯೇ ಅರ್ಧ ಮುಗಿದಿಲ್ಲ, ತಮ್ಮನಿಗೆ ಜ್ವರ, ಎರಡು ದಿನ ತಡಿ ಎಂದ. ಊರಿನ ಗಂಡಸರೆಲ್ಲ ತಂತಮ್ಮ ಚಾವಣಿಯ ಮೇಲಿದ್ದಾರೆ. ಕೆಳಗಿನ ರಸ್ತೆ ಮುಚ್ಚಿದೆ. ನಾನು ಹತ್ತಬಹುದು. ಗಟ್ಟಿಯಿದ್ದೇನೆ, ಮೂವತ್ತೊಂದು ವರ್ಷ. ಸಲಿಕೆ ಹಿಡಿದು ಏಣಿಯವರೆಗೂ ಹೋದೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟೆ, ತೆಗೆದೆ, ಸಲಿಕೆಯನ್ನು ಗೋಡೆಗೆ ಆನಿಸಿ ವಾಪಸು ಬಂದೆ. ನಾನು ಹೆದರುಪುಕ್ಕಲಿ ಅಲ್ಲ. ಆ ಚಾವಣಿಗೆ ಮಾತ್ರ ಹೆದರುತ್ತೇನೆ.

ಹೋದ ವರ್ಷ ಇಪ್ಪತ್ತೇಳನೇ ತಾರೀಖು ದಿಲೇ ಹತ್ತಿದ್ದ. ಸೂರಿನ ಅಂಚಿನಲ್ಲಿ ನಿಂತು ಹಿಮ ಕೆಳಗೆ ತಳ್ಳುತ್ತಿದ್ದ. ನಾನು ಒಳಗೆ ಸಿಡ್ಡಿನ ಹಿಟ್ಟಿನೊಳಗೆ ತುಂಬಿ ಬೇಯಿಸಲು ಅಕ್ರೋಟು ಅರೆಯುತ್ತಿದ್ದೆ. ಅವನ ಅಮ್ಮ ಅಂಗಳದಲ್ಲಿದ್ದಳು, ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಚಾವಣಿಯ ಮೇಲಿನ ಇಳಿಜಾರಿನ ಹಿಮ ಪೂರಾ ಬಿರಿದು ಜಾರಲು ಶುರುವಾದದ್ದು ಅವಳಿಗೆ ಕಂಡಿತು. ಅವನ ಬೆನ್ನು ಆ ಕಡೆಗಿತ್ತು. ಇವಳು ಕೂಗಲಿಲ್ಲ. ಹೊಳೆಯಾಚೆಯ ಕುರಿಗೂ ಕೇಳಿಸುವ ಗಂಟಲು ಅವಳದು, ಒಂದೇ ಒಂದು ಕೂಗು ಕೂಗಿದ್ದರೆ ಅವನು ಪಕ್ಕಕ್ಕೆ ಹಾರಿಕೊಳ್ಳುತ್ತಿದ್ದ. ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ದೇವ್ಕೂ ಭಾಭಿ ತನ್ನ ಕಿಟಕಿಯಿಂದ ಕಣ್ಣಾರೆ ನೋಡಿದ್ದಾಳೆ. ಹಿಂದಿನ ದಿನವೇ ಹಿಮ ಬಳಿದು ಚೊಕ್ಕಟ ಮಾಡಿದ್ದ ಅಂಗಳ, ಬರಿಯ ಚಪ್ಪಡಿ ಕಲ್ಲು. ಅವನು ಅದರ ಮೇಲೆ ಬಿದ್ದ.

ಹದಿಮೂರನೇ ದಿನ ಗುಡಿಯ ಕಾರುಬಾರು ನೋಡುವ ಕಾರ್ದಾರ್ ಹುಕಮ್ ರಾಮ್ ಬಂದು, ಊರವರೆಲ್ಲರ ಎದುರು ಅವಳಿಗೆ ಕೈಮುಗಿದರು. "ಮಗ ಕಣ್ಣೆದುರಿಗೇ ಹೋದ್ರೂ ಉತ್ತಮಿ ಬಾಯಿ ತೆಗೀಲಿಲ್ಲ. ಇಂಥ ತಾಯಿ ಊರಿಗೆ ಒಬ್ಬಳಿದ್ರೆ ಸಾಕು," ಎಂದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ಹೊಗಳಿಸಿಕೊಳ್ಳುವವರು ಹಾಗೆಯೇ ಕೂರುವುದು. ಆವತ್ತಿನಿಂದ ನಾನು ಅವಳನ್ನು ಏನೆಂದೂ ಕರೆದಿಲ್ಲ. ಅಡುಗೆ ಮಾಡಿ ಹಾಕುತ್ತೇನೆ, ಬಟ್ಟೆ ಒಗೆಯುತ್ತೇನೆ, ಕರೆಯುವುದಿಲ್ಲ.

ಜನವರಿ 25

ದಿಲೇ: "ಎಡೆಬಿಡದೆ ಹಿಮ." ಅಕ್ಷರ ಅಂಕುಡೊಂಕು. ಚಳಿಗೆ ಬೆರಳು ಮರಗಟ್ಟಿತ್ತೇನೋ.

ಬೆಳಿಗ್ಗೆ ಬಾಲ್ದಿಯ ಹಾಲಿನ ಮೇಲೆ ಮಂಜುಗಡ್ಡೆಯ ಪೊರೆ ಇತ್ತು, ಕರೆದು ಮೇಲೆ ತರುವಷ್ಟರಲ್ಲಿ. ಒಗೆದು ಹಾಕಿದ ಕುಪ್ಪಸ ಹಲಗೆಯಂತೆ ನಿಂತಿದೆ. ಕುಡಿಯುವ ನೀರಿಗೆ ಹಿಮ ಕರಗಿಸುತ್ತಿದ್ದೇವೆ. ಒಂದು ಕೊಡ ಹಿಮ ಹಾಕಿದರೆ ಒಂದು ತಂಬಿಗೆ ನೀರು, ಅದೂ ಹೊಗೆಯ ವಾಸನೆ.

ರಾತ್ರಿ ಅವಳು ಎಳೆದಿದ್ದ ಎರಡನೆಯ ಗೆರೆಯನ್ನೂ ಬಿರುಕು ದಾಟಿತು. ಮೂಲೆಯಲ್ಲಿದ್ದ ಕಂಬದ ತುಂಡನ್ನು ನಾವಿಬ್ಬರೂ ಎತ್ತಿ ತೊಲೆಗೆ ಆನಿಸಿ ನಿಲ್ಲಿಸಿದೆವು. ಅವಳ ಕೈಯಲ್ಲಿ ಇನ್ನೂ ಅಷ್ಟು ಕಸುವಿದೆ ಎಂದು ನನಗೆ ಗೊತ್ತಿರಲಿಲ್ಲ. ಕಂಬ ಜಾರಿದಾಗ ನನ್ನ ಕಾಲಿನ ಮೇಲೆ ಬೀಳದ ಹಾಗೆ ತನ್ನ ಹೆಗಲು ಕೊಟ್ಟಳು. ಆಮೇಲೆ ಹೆಗಲು ಉಜ್ಜಿಕೊಳ್ಳುತ್ತ ಕೂತಿದ್ದಳು. ಬಿಸಿ ತುಪ್ಪ ಕೊಟ್ಟೆ. ಬೇಕಿದ್ದರೆ ಹಚ್ಚಿಕೊಳ್ಳಲಿ ಎಂದು ಅಷ್ಟೇ.

ಮಧ್ಯಾಹ್ನ ಅವಳು ಅಂಗಳ ತೋರಿಸಿದಳು, ಮತ್ತೆ ಪೊರಕೆ ತೋರಿಸಿದಳು. ಎದೆಯೆತ್ತರ ರಾಶಿ ಬಿದ್ದಿದೆ. ನಾನು ತಲೆಯಾಡಿಸಿ ಹೆಣಿಗೆ ಹಿಡಿದೆ. ಆಗ ಅವಳು ಮೇಲೆ, ಚಾವಣಿಯ ಕಡೆಗೆ ಕೈ ಮಾಡಿದಳು. ಗಂಟಲಿಗೆ ಎರಡು ಬೆರಳಿಟ್ಟುಕೊಂಡು ಹೇಳಿದಳು:

"ನಾನು ಹತ್ತುತೀನಿ."

ಅರವತ್ತೇಳು ವರ್ಷದವಳು. ಬೇಡ ಎಂದು ಕೈಯಾಡಿಸಿದೆ. "ನೀನು ಹತ್ತಬ್ಯಾಡ. ನಾನೇ ಹತ್ತುತೀನಿ, ನಂಗೇನಾಗಬೇಕು ಇನ್ನ," ಎಂದಳು.

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಒಂದು ವರ್ಷದಿಂದ ನುಂಗಿದ್ದೆಲ್ಲ ಗಂಟಲಿಗೆ ಬಂತು. ಅವಳಿಗೆ ಕೇಳಿಸದಷ್ಟು ಮೆಲ್ಲಗೆ, ಹೆಣಿಗೆಯ ಕಡ್ಡಿ ನೋಡುತ್ತ ಹೇಳಿದೆ: "ಹತ್ತಿ ಸಾಯಿ."

ಅವಳಿಗೆ ಕೇಳಿಸಲಿಲ್ಲ. ನೂಲುವುದನ್ನು ಮುಂದುವರಿಸಿದಳು. ನಾನು ಎದ್ದು ಕೊಟ್ಟಿಗೆಗೆ ಹೋಗಿ ರತ್ತಿಯ ಕುತ್ತಿಗೆ ತಬ್ಬಿಕೊಂಡು ಬಹಳ ಹೊತ್ತು ನಿಂತಿದ್ದೆ. ಬೆಚ್ಚಗಿತ್ತು. ಅಲ್ಲೇ ಹುಲ್ಲಿನಲ್ಲಿ ಮಲಗಿಬಿಡಬೇಕು ಎನಿಸಿತು.

ಮೇಲೆ ಬಂದಾಗ ನನ್ನ ಪಾಲಿನ ರೊಟ್ಟಿಯನ್ನು ಒಲೆಯ ಅಂಚಿನಲ್ಲಿ ಬಿಸಿಯಾಗಿ ಇಟ್ಟಿದ್ದಳು. ಝಾಬೇ ಅಣ್ಣ ನಾಳೆ ಮಧ್ಯಾಹ್ನ ಬರುತ್ತೇನೆ ಎಂದು ಹೇಳಿಕಳಿಸಿದ್ದಾನೆ. ಒಂದು ಬೆಳಗು ತೊಲೆ ತಡೆದುಕೊಂಡರೆ ಸಾಕು.

ಜನವರಿ 26

ದಿಲೇ: "ಅಂಗಳ ಪೂರ್ತಿ ಬಳಿದೆ. ನಾಳೆ ಚಾವಣಿ." ಅವನ ಕೊನೆಯ ಸಾಲು.

ಅತ್ತೆ ಬದುಕಿದ್ದಾರೆ. ಬರೆಯಲಾರೆ. ನನ್ನ ಎರಡೂ ಅಂಗೈ ಊದಿವೆ, ಉಗುರುಗಳ ಸಂದಿಯಲ್ಲಿ ರಕ್ತ.

ಜನವರಿ 27

ಈ ಪುಟದಲ್ಲಿ ಅವನ ಅಕ್ಷರ ಇಲ್ಲ. ಪೂರಾ ಪುಟ ನನ್ನದು.

ಬೆಳಿಗ್ಗೆ ದೀಪ ಹಚ್ಚಿ ಅವನ ಪಟದ ಮುಂದೆ ಎರಡು ಸಿಡ್ಡು ಇಟ್ಟೆ. ವರ್ಷದ ಪೂಜೆಗೆ ಬರಬೇಕಿದ್ದ ಪುರೋಹಿತರು ರಸ್ತೆ ಮುಚ್ಚಿದ್ದರಿಂದ ಕೆಳಗಿನ ಊರಿನಲ್ಲೇ ಉಳಿದಿದ್ದಾರೆ. ನಾವಿಬ್ಬರೇ ಕೈಮುಗಿದೆವು. ಅತ್ತೆ ಹಾಸಿಗೆಯಲ್ಲಿ ಒರಗಿಕೊಂಡೇ ಕೈಮುಗಿದರು. ಈಗ ಅವರು ಮಲಗಿದ್ದಾರೆ, ನಿನ್ನೆಯದನ್ನು ಬರೆಯುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಓದುವವರು ಯಾರೂ ಇಲ್ಲವಲ್ಲ.

ನಿನ್ನೆ ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದೆ. ಮೇಲಿನಿಂದ ದಬ್ ದಬ್ ಎಂದು ಹಿಮ ಬೀಳುವ ಸದ್ದು ಕೇಳಿಸಿತು. ಝಾಬೇ ಅಣ್ಣ ಬೇಗ ಬಂದ ಎಂದುಕೊಂಡೆ. ಬಾಲ್ದಿ ಹಿಡಿದು ಹೊರಗೆ ಬಂದು ತಲೆ ಎತ್ತಿದರೆ, ಅತ್ತೆ. ಸೊಂಟಕ್ಕೆ ಹಗ್ಗ ಸಹ ಕಟ್ಟಿಕೊಂಡಿರಲಿಲ್ಲ. ದಿಲೇಯ ಹಳೆಯ ಕೋಟು ಹಾಕಿಕೊಂಡು, ದಿಲೇ ನಿಲ್ಲುತ್ತಿದ್ದ ಜಾಗದಲ್ಲೇ, ಸೂರಿನ ಅಂಚಿನಲ್ಲಿ ನಿಂತು ಸಲಿಕೆಯಿಂದ ತಳ್ಳುತ್ತಿದ್ದರು. ಆಗಲೇ ಒಂದು ಮೂಲೆ ಖಾಲಿಯಾಗಿತ್ತು. ಬೆಳಕು ಹರಿಯುವ ಮುಂಚೆಯೇ ಹತ್ತಿರಬೇಕು.

ಅವರ ಹಿಂದೆ, ಮೇಲಿನ ಇಳಿಜಾರಿನಲ್ಲಿ, ಹಿಮಕ್ಕೆ ಅಡ್ಡಲಾಗಿ ಒಂದು ನೀಲಿ ಗೆರೆ ಕಾಣಿಸಿತು. ನಾನು ನೋಡುತ್ತಿದ್ದ ಹಾಗೆ ಗೆರೆ ಅಗಲವಾಯಿತು. ಅವರ ಬೆನ್ನು ಆ ಕಡೆಗೆ. ಬಲಗಿವಿ ನನ್ನ ಕಡೆಗೆ.

ಎಷ್ಟು ಹೊತ್ತು ಎಂದು ಹೇಳಲಾರೆ. ಒಂದು ಉಸಿರು, ಎರಡು ಉಸಿರು. ಕೂಗಲು ಸಾಕಾಗುವಷ್ಟು ಹೊತ್ತು ಖಂಡಿತ ಇತ್ತು. ಎದೆಯೊಳಗೆ ಕೂಗು ಎದ್ದದ್ದೂ ನಿಜ. ಆಮೇಲೆ ಹಿಮ ಜಾರಿತು. ಸಲಿಕೆ, ಕೋಟು, ಅತ್ತೆ, ಎಲ್ಲ ಒಂದೇ ರಾಶಿಯಾಗಿ ಕೆಳಗೆ ಬಂತು. ಸದ್ದು ನಿಂತ ಮೇಲೆ ನನಗೆ ತಿಳಿಯಿತು, ಬಾಲ್ದಿ ಕಾಲಬುಡದಲ್ಲಿ ಉರುಳಿದೆ, ನನ್ನ ಬಲಗೈ ನನ್ನ ಬಾಯಿಯ ಮೇಲಿದೆ.

ನಾನು ಇಟ್ಟದ್ದಲ್ಲ. ಅದು ತಾನೇ ಹೋಗಿ ಕೂತಿತ್ತು.

ಬಳಿಯದೆ ಬಿಟ್ಟಿದ್ದ ಅಂಗಳದ ರಾಶಿಯ ಮೇಲೆ ಬಿದ್ದಿದ್ದರು. ಬಳಿದಿದ್ದರೆ ಕಲ್ಲು. ನನ್ನ ಸೋಮಾರಿತನ ಮಾಡಿದ ಕೆಲಸ ಅದು, ನಾನಲ್ಲ. ಓಡಿಹೋಗಿ ಕೈಯಿಂದ ಬಗೆದೆ. ಬಾಲ್ದಿಯಿಂದ ಬಗೆದೆ. ಆಗಲೂ ಯಾರನ್ನೂ ಕೂಗಲಿಲ್ಲ. ಕೋಟಿನ ತುದಿ ಸಿಕ್ಕಿತು, ಆಮೇಲೆ ಕೂದಲು. ಕಿಟಕಿಯಿಂದ ನೋಡಿದ ದೇವ್ಕೂ ಭಾಭಿ ಗಂಡನನ್ನು ಕರೆದುಕೊಂಡು ಓಡಿ ಬಂದಳು. ನಾಲ್ಕು ಜನ ಒಂದು ಮಾತಿಲ್ಲದೆ, ತುಟಿ ಪಿಟಕ್ಕೆನ್ನದೆ, ಒಬ್ಬ ಹೆಂಗಸನ್ನು ಹಿಮದಿಂದ ಅಗೆದು ತೆಗೆಯುವುದನ್ನು ಯಾರಾದರೂ ನೋಡಿದ್ದರೆ ಹುಚ್ಚರು ಎನ್ನುತ್ತಿದ್ದರು. ನಾಲ್ಕನೆಯವನು ಜ್ವರದಲ್ಲಿದ್ದ ತಮ್ಮ, ಕಂಬಳಿ ಹೊದ್ದೇ ಬಂದಿದ್ದ.

ಅತ್ತೆಯ ಮುಖ ನೀಲಿಯಾಗಿತ್ತು. ಝಾಬೇ ಅಣ್ಣ ಮೂಗಿನ ಹತ್ತಿರ ಅಂಗೈ ಹಿಡಿದು, "ಇದಾರೆ," ಎಂದು ಪಿಸುಗುಟ್ಟಿದ. ಒಲೆಯ ಹತ್ತಿರ ತಂದು ಮಲಗಿಸಿ, ಬಟ್ಟೆ ಬಿಚ್ಚಿ, ನಾನೂ ಭಾಭಿಯೂ ಮೈಯೆಲ್ಲ ತುಪ್ಪ ಹಾಕಿ ಉಜ್ಜಿದೆವು. ಎಲುಬು ಎದ್ದ ಮೈ. ಒಂದು ವರ್ಷದಲ್ಲಿ ಇಷ್ಟು ಇಳಿದಿದ್ದಾರೆ, ನಾನು ಎದುರಿಗೇ ಕೂತಿದ್ದರೂ ನೋಡಿರಲಿಲ್ಲ. ಬಲಗಾಲು ಹರಡಿನ ಹತ್ತಿರ ಮುರಿದಂತಿದೆ. ಝಾಬೇ ಅಣ್ಣ ಎರಡು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದ, ರಸ್ತೆ ತೆರೆದ ಮೇಲೆ ಆಸ್ಪತ್ರೆ. ಅಣ್ಣ ತಮ್ಮ ಇಬ್ಬರೂ ಚಾವಣಿಯ ಉಳಿದ ಹಿಮ ತೆಗೆದು ಹೋದರು. ತೊಲೆ ಸುಮ್ಮನಾಯಿತು.

ಎಲ್ಲರೂ ಹೋದ ಮೇಲೆ ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಬೆರಳು ಗಂಟಲಿಗೆ ಹೋಯಿತು.

"ಅಲ್ಲೇ ಇದ್ಯಾ?"

ಹೌದೆಂದು ತಲೆಯಾಡಿಸಿದೆ.

"ಬಿರಿದಿದ್ದು ನೋಡಿದ್ಯಾ?"

ಅದಕ್ಕೂ ಹೌದೆಂದೆ.

"ಕೂಗಿದ್ಯಾ?" ಎಂದರು. "ನಂಗೆ ಕಿವಿ ಕೇಳಲ್ಲ, ಅದಕ್ಕೇ ಕೇಳ್ತಿದೀನಿ."

ಕೂಗಿದೆ ಎಂದು ತಲೆಯಾಡಿಸಿದ್ದರೆ ಆಗಿಹೋಗುತ್ತಿತ್ತು. ನಂಬುತ್ತಿದ್ದರು. ನಾನು ಬಾಲ್ದಿ ಹಿಡಿದಿದ್ದ ಕೈ ನೋಡಿಕೊಂಡೆ. ನಿಯಮಕ್ಕೆ ಹೆದರಿ ಬಾಯಿ ಮುಚ್ಚಿದೆನೋ, ಮೊನ್ನೆ ಬಾಯಿಂದ ಬಿದ್ದ ಆ ಎರಡು ಮಾತು ನಿಜವಾಗಲಿ ಎಂದು ಮುಚ್ಚಿದೆನೋ, ನನಗೇ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಅದು ನನ್ನನ್ನು ತಿನ್ನುತ್ತಿದೆ. ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಅವರಿಗೆ ಕಾಣುವ ಹಾಗೆ ಬಲಗೈ ಎತ್ತಿ ಬಾಯಿಯ ಮೇಲೆ ಇಟ್ಟು ತೋರಿಸಿದೆ.

ಅತ್ತೆ ಬೆರಳನ್ನು ಗಂಟಲಿನಿಂದ ತೆಗೆದು, ನನ್ನ ಊದಿದ ಕೈ ಹಿಡಿದುಕೊಂಡರು.

"ಬರಲ್ಲ ಅದು," ಎಂದರು. "ಕೂಗಬೇಕು ಅನ್ಸುತ್ತೆ, ಬರಲ್ಲ. ನಂಗೂ ಬರ್ಲಿಲ್ಲ ಲಾಡೀ."

ದನಿ ಸ್ವಲ್ಪ ಏರಿತ್ತು. ಬೆರಳು ಗಂಟಲಿನ ಮೇಲೆ ಇರಲಿಲ್ಲವಲ್ಲ. ನಾನು ಅವರ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ಮೊನ್ನೆ ಆಡಿದ ಮಾತನ್ನು ಹೇಳಿಬಿಡೋಣ ಎನಿಸಿತು. ಕಿವಿಗೆ ಬಾಯಿಟ್ಟು ಕೂಗಿ ಹೇಳುವಂಥ ಮಾತಲ್ಲ ಅದು. ಹೇಳಲಿಲ್ಲ.

ಅದೇ ದಿನ, ಸಂಜೆ

ಇನ್ನೊಂದು ಸಂಗತಿ ನಡೆಯಿತು, ಬರೆದುಬಿಡುತ್ತೇನೆ.

ಮಧ್ಯಾಹ್ನದ ಮೇಲೆ ಕಾರ್ದಾರ್ ಹುಕಮ್ ರಾಮ್ ಬಂದರು, ದಿಲೇಯ ವರ್ಷದ ದಿನವೆಂದು. ಝಾಬೇ ಅಣ್ಣನೂ ಭಾಭಿಯೂ ಜೊತೆಗಿದ್ದರು. ಕಾರ್ದಾರ್ ಟೋಪಿ ಕೊಡವಿ ಒಲೆಯ ಹತ್ತಿರ ಕೂತರು. ನಾನು ಉಪ್ಪಿನ ಚಹಾ ಕೊಟ್ಟೆ. ಅವರು ಅತ್ತೆಯ ಕಾಲು ನೋಡಿದರು, ತೊಲೆಯ ಬಿರುಕು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಮೆಲುದನಿಯಲ್ಲಿ ಶುರುಮಾಡಿದರು.

"ಝಾಬೇ ಎಲ್ಲ ಹೇಳ್ದ. ಅತ್ತೆ ಕಣ್ಣೆದುರಿಗೆ ಬಿದ್ರೂ ನೀನು ದನಿ ಎತ್ತಲಿಲ್ಲವಂತೆ. ಹೋದ ವರ್ಷ ಅತ್ತೆ, ಈ ವರ್ಷ ಸೊಸೆ. ದೇವರು ಬಂದ ದಿನ ಊರ ಎದುರಿಗೆ ಹೇಳ್ತೀನಿ ಮಗಳೇ. ಈ ಮನೆ ಹೆಂಗಸ್ರು ಇರೋತನಕ ಊರಿಗೆ ಕೇಡಿಲ್ಲ."

ಅವರು ಕೆಟ್ಟವರಲ್ಲ. ಮನಸ್ಸಿಟ್ಟೇ ಹೇಳಿದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ. ನೆಲ ಬಾಯಿಬಿಡಬಾರದೇ ಎನಿಸಿತು. ತಲೆ ತಗ್ಗಿಸಿ ನನ್ನ ಊದಿದ ಅಂಗೈಗಳನ್ನೇ ನೋಡುತ್ತ ಕೂತೆ. ಹದಿಮೂರನೇ ದಿನ ಅತ್ತೆ ಕೂತಿದ್ದ ಹಾಗೆ, ಅದೇ ಜಾಗದಲ್ಲಿ.

ಹಾಸಿಗೆಯಿಂದ ಅತ್ತೆ ಕೇಳಿದರು, "ಏನಂತೆ ಅವ್ನು? ಏನ್ ಹೇಳ್ತಿದಾನೆ?"

ಭಾಭಿ ಏನೂ ಇಲ್ಲ ಎಂದು ಕೈಯಾಡಿಸಿದಳು. ಅತ್ತೆ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಕೈಸನ್ನೆ ಮಾಡಬಹುದಿತ್ತು. ಹೊಗಳಿಕೆಗೆ ಸನ್ನೆ ಯಾವುದು, ನನಗೆ ಹೊಳೆಯಲಿಲ್ಲ. ಎದ್ದು ಹೋಗಿ ಹಾಸಿಗೆಯ ಪಕ್ಕ ಕೂತೆ. ಅವರ ಬಲಗಿವಿಯ ಮೇಲಿನ ಕೂದಲು ಸರಿಸಿದೆ.

"ನಮ್ಮನ್ನ ಹೊಗಳ್ತಿದಾರೆ ಅಮ್ಮಾ!" ಎಂದು ಕೂಗಿದೆ. "ಬಾಯಿ ಮುಚ್ಕೊಂಡಿದ್ವಲ್ಲ, ಅದಕ್ಕೇ!"

ಒಂದು ವರ್ಷದಿಂದ ಒಳಗೆ ಕೂತಿದ್ದ ದನಿ ಅದು, ನನಗೇ ಗುರುತು ಸಿಗಲಿಲ್ಲ. ಕೆಳಗೆ ರತ್ತಿ ಬೆಚ್ಚಿ ಕಾಲು ಕುಟ್ಟಿತು. ಹೊರಗೆ ನಾಯಿ ಬೊಗಳಿತು, ಇನ್ನೆಲ್ಲೋ ಇನ್ನೊಂದು. ಕಾರ್ದಾರರ ಕೈಯ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು. ಭಾಭಿ ಗಂಡನ ತೋಳು ಹಿಡಿದುಕೊಂಡಳು.

ಅಮ್ಮ ಕಾರ್ದಾರರ ಕಡೆ ನೋಡಿದರು. ಗಂಟಲಿಗೆ ಬೆರಳಿಡಲಿಲ್ಲ.

"ಕೂಗಿದ್ರೆ ಮಗ ಉಳೀತಿದ್ದ," ಎಂದರು. ಹೊಳೆಯಾಚೆಗೆ ಕೇಳಿಸಿರಬೇಕು.

ಕಾರ್ದಾರ್ ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು ಎದ್ದು ಹೋದರು. ನಿಯಮ ಮುರಿದ ಮನೆಯವರು ದೇವರು ಬಂದ ದಿನ ಊರೆದುರು ತಪ್ಪೊಪ್ಪಿಕೊಳ್ಳಬೇಕು. ಈ ವರ್ಷ ಯಾರ ಕುರಿ ಸತ್ತರೂ, ಯಾರ ಸೇಬು ಉದುರಿದರೂ ನಮ್ಮ ತಲೆಗೇ ಬರುತ್ತದೆ. ಭಾಭಿ ಹೊಸಿಲು ದಾಟುವಾಗ ನನ್ನ ಕಡೆ ತಿರುಗಿದಳು, ಆಮೇಲೆ ಗಂಡನ ಹಿಂದೆ ಹೋದಳು. ನಾಳೆ ಹೆಪ್ಪು ಕೇಳಲು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಹಿಮ ಇನ್ನೂ ನಿಂತಿಲ್ಲ. ಅಮ್ಮನಿಗೆ ಸಂಜೆಯಿಂದ ಮೈ ಸುಡುತ್ತಿದೆ. ದಿಲೇಯ ಪಟದ ಮುಂದಿನ ಸಿಡ್ಡನ್ನು ಬಿಸಿ ಮಾಡಿ ಇಬ್ಬರೂ ಒಂದೊಂದು ತಿಂದೆವು. ಅಕ್ರೋಟಿಗೆ ಉಪ್ಪು ಕಡಿಮೆಯಾಗಿದೆ ಎಂದು ಬೈದರು, ಗಟ್ಟಿಯಾಗಿಯೇ ಬೈದರು. ಮೆಲ್ಲಗೆ ಎಂದು ನಾನು ಸನ್ನೆ ಮಾಡಲಿಲ್ಲ.